ಒಂದು ಚೆಂಡಿಗೆ ಹತ್ತು ಹಾಡು

ಬೆಳಿಗ್ಗೆ ಐದೂವರೆಗೆ ಅಂಗಳಕ್ಕಿಳಿದರೆ ಮಲ್ಲಿಗೆ ಗಿಡಗಳ ಬುಡದಲ್ಲಿ ಇನ್ನೂ ಕತ್ತಲೆ. ಮೊಗ್ಗು ಮಾತ್ರ ಬೆಳ್ಳಗೆ ಕಾಣುತ್ತದೆ. ಇವತ್ತು ಬಲಿತದ್ದು ಯಾವುದು, ನಾಳೆಗೆ ಬಿಡಬೇಕಾದದ್ದು ಯಾವುದು ಎಂಬುದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತು. ಬುಟ್ಟಿ ತುಂಬಿ, ನಾನು ಚಾವಡಿಯಲ್ಲಿ ಕಾಲು ಚಾಚಿ ಕೂತು, ಬಾಳೆನಾರನ್ನು ನೀರಿಗೆ ಅದ್ದುವಷ್ಟರಲ್ಲಿ ಏಳು ಗಂಟೆ. ಆಗ ಫೋನು ಒಂದು ಸಲ ಸದ್ದು ಮಾಡುತ್ತದೆ. ದುಬೈಯಲ್ಲಿರುವ ಮಗಳು. ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವಳು ಆಗಷ್ಟೇ ಎದ್ದಿರುತ್ತಾಳೆ.

"ಅಮ್ಮ, ಇವತ್ತು ನಿನ್ನ ಸರದಿ. ಯಾವ ಹಾಡು?"

ಆರು ವರ್ಷದಿಂದ ನಡೆದು ಬಂದಿದೆ ಇದು. ದಿನಕ್ಕೆ ಒಂದೇ ಹಾಡು. ಒಂದು ದಿನ ನಾನು ಕಳಿಸಬೇಕು, ಮರುದಿನ ಅವಳು. ಎರಡನೆಯದು ಕಳಿಸುವ ಹಾಗಿಲ್ಲ. ಫೋನಿನಲ್ಲಿ ಲಕ್ಷಗಟ್ಟಲೆ ಹಾಡು ಇರುವಾಗ ಒಂದೇ ಯಾಕೆ ಎಂದು ಪಕ್ಕದ ಮನೆಯವರು ಕೇಳಿದ್ದುಂಟು. ಒಂದಾದರೆ ಪೂರ್ತಿ ಕೇಳುತ್ತೇವೆ. ಹತ್ತಿದ್ದರೆ ಹತ್ತನ್ನೂ ಅರ್ಧಕ್ಕೇ ಬಿಡುತ್ತೇವೆ. ನನ್ನ ಅನುಭವ ಇಷ್ಟೆ.

ಮಲ್ಲಿಗೆಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಉಡುಪಿ ಕಡೆ ಹೂವನ್ನು ಮೊಳದಲ್ಲಿ ಅಳೆಯುವುದಿಲ್ಲ. ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಾದರೆ ಒಂದು ಅಟ್ಟೆ. ದರ ದಿನಾ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಶಿರ್ವದಿಂದ ಬಂಟಕಲ್ಲು ದಾಟಿ ಕಟಪಾಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಅಲ್ಲಿಂದ ಹೂವು ಮುಂಬೈಗೂ ಹೋಗುತ್ತದೆ, ಕೊಲ್ಲಿ ದೇಶಗಳಿಗೂ ಹೋಗುತ್ತದೆ. ನಿನ್ನೆಯ ದರ ಇವತ್ತಿಗೆ ಸಲ್ಲುವುದಿಲ್ಲ. ಹಾಗೆಯೇ ಇವತ್ತು ಕೊಯ್ದ ಮೊಗ್ಗು ನಾಳೆಗೆ ಆಗುವುದಿಲ್ಲ. ಮಧ್ಯಾಹ್ನದ ಒಳಗೆ ಕಟ್ಟಿ ಕೊಡಬೇಕು, ರಾತ್ರಿ ಯಾರದೋ ಮುಡಿಯಲ್ಲಿ ಅರಳಬೇಕು.

ಮೂರು ನಿಮಿಷದ ಒಂದು ಹಾಡಿನಲ್ಲಿ ನನ್ನ ಕೈ ಎಪ್ಪತ್ತು ಎಂಬತ್ತು ಮೊಗ್ಗು ಕಟ್ಟುತ್ತದೆ. ಅಂದರೆ ಒಂದು ಚೆಂಡಿಗೆ ಸುಮಾರು ಹತ್ತು ಹಾಡು. ಈ ಲೆಕ್ಕ ಹುಟ್ಟಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಅರುವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ ಅರ್ಧ ಗಂಟೆ. ಬದಿ ಮುಗಿದು ಬಟನ್ನು ಟಕ್ ಎಂದು ಮೇಲೆ ಹಾರುವಾಗ ನನ್ನ ಮಡಿಲಲ್ಲಿ ಒಂದು ಚೆಂಡು ಆಗಿರುತ್ತಿತ್ತು. ಈಗ ಒಂದೇ ಹಾಡು ಹಾಕುತ್ತೇನೆ. ಮೂರು ನಿಮಿಷಕ್ಕೆ ಅದು ನಿಲ್ಲುತ್ತದೆ. ಉಳಿದ ಒಂಬತ್ತು ಹಾಡಿನ ಹೊತ್ತು ಅದೇ ಹಾಡು ಬೆರಳಲ್ಲಿ ಓಡುತ್ತಿರುತ್ತದೆ. ಮೊದಲ ಸಲ ಕಿವಿಗೆ ಬೀಳದ ಒಂದು ಶಬ್ದ, ಚರಣದ ಕೊನೆಯಲ್ಲಿ ಗಾಯಕ ಉಸಿರು ತೆಗೆದ ಜಾಗ, ಕೊಳಲು ಸುಮ್ಮನಾದ ಕ್ಷಣ, ಎಲ್ಲವೂ ಆ ಮೌನದಲ್ಲೇ ನನಗೆ ಸಿಕ್ಕಿದ್ದು.

ನನ್ನ ಅಜ್ಜಿಗೆ "ಇವತ್ತು ಯಾವ ಹಾಡು" ಎಂಬ ಪ್ರಶ್ನೆಯೇ ಇರಲಿಲ್ಲ. ಹಾಡನ್ನು ಗದ್ದೆಯೇ ಆರಿಸುತ್ತಿತ್ತು. ಆಟಿ ತಿಂಗಳು ಬರುವ ಮೊದಲು ಭತ್ತದ ನೇಜಿ ನೆಟ್ಟು ಮುಗಿಯಬೇಕು. ಹತ್ತು ಹನ್ನೆರಡು ಹೆಂಗಸರು ಮಳೆಗೆ ಗೊರಬೆ ಹೊದ್ದು, ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು, ಬಗ್ಗಿದಲ್ಲೇ ಹಿಂದೆ ಹಿಂದೆ ಸರಿಯುತ್ತಾ ನೆಡುತ್ತಿದ್ದರು. ಒಬ್ಬರು ಎತ್ತಿಕೊಡುವುದು, ಉಳಿದವರು ಓ ಬೇಲೆ ಎಂದು ಪಲ್ಲವಿ ಹಿಡಿಯುವುದು. ಸೊಂಟದ ನೋವು ಏರುವ ಹೊತ್ತಿಗೆ ಸರಿಯಾಗಿ ಹಾಡಿನ ನಡೆ ಚುರುಕಾಗುತ್ತಿತ್ತು. ಮಧ್ಯಾಹ್ನದ ಮೇಲೆ ಮಳೆ ಹಿಡಿದರೆ ಉದ್ದದ ಪಾಡ್ದನ. ಕಥೆ ಇರುವ ಹಾಡು ಬೇಕು ಆಗ, ಯಾಕೆಂದರೆ ಮುಂದೇನಾಯಿತು ಎಂಬ ಕುತೂಹಲ ಇದ್ದರೆ ಕೈ ನಿಲ್ಲುವುದಿಲ್ಲ. ಅಜ್ಜಿ ಸಿರಿಯ ಕಥೆ ಎತ್ತಿದರೆ ಗದ್ದೆ ಮುಗಿಯುತ್ತಿತ್ತು, ಕಥೆ ಮುಗಿಯುತ್ತಿರಲಿಲ್ಲ.

ಎಷ್ಟು ಉದ್ದ ಇರಬಹುದು ಆ ಕಥೆ ಎಂದು ಆಗ ಯಾರೂ ಎಣಿಸಿರಲಿಲ್ಲ. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ತುಳುನಾಡಿಗೆ ಬಂದು, ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಾಖಲಿಸಿಕೊಂಡರು. ಎಣಿಸಿದಾಗ 15,683 ಸಾಲು. ಅಷ್ಟನ್ನು ಒಬ್ಬ ಕೃಷಿಕ ಕಾಗದದ ಹಂಗಿಲ್ಲದೆ ಎದೆಯೊಳಗೆ ಇಟ್ಟುಕೊಂಡಿದ್ದರು. ಅದು ಪುಸ್ತಕವಾದ ಸುದ್ದಿ ಓದಿದ ದಿನ ನಾನು ಪಾಠ ಮುಗಿಸಿ ಶಾಲೆಯಿಂದ ಬಂದವಳೇ ಅಜ್ಜಿಯ ಫೋಟೋದ ಎದುರು ಸ್ವಲ್ಪ ಹೊತ್ತು ನಿಂತಿದ್ದೆ. ಅವರು ಹಾಡಿದ್ದರಲ್ಲಿ ನನಗೆ ಉಳಿದಿರುವುದು ಹತ್ತಿಪ್ಪತ್ತು ಸಾಲು.

ಹಾಡನ್ನು ಬೇರೆಯವರು ಆರಿಸಿ ಕೊಡುವ ಕಾಲ ಬಂದದ್ದು ರೇಡಿಯೋದ ಜೊತೆ. ಮಾವ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ತಂದ ಪೆಟ್ಟಿಗೆ ಅದು. ರಾತ್ರಿಯಾದರೆ ಧಾರವಾಡ, ಭದ್ರಾವತಿ ಕೇಳುತ್ತಿತ್ತು. ಹಗಲು ಬರೀ ಗೊರ್ ಗೊರ್. ಮಧ್ಯಮ ತರಂಗ ಕತ್ತಲಾದ ಮೇಲೆ ಆಕಾಶದ ಮೇಲ್ಪದರಕ್ಕೆ ಬಡಿದು ದೂರಕ್ಕೆ ಬೀಳುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ನನಗೆ ರಾತ್ರಿಯ ಹಾಡುಗಳ ಮೇಲೆ ಇನ್ನಷ್ಟು ಪ್ರೀತಿ ಬಂತು. 1976ರ ಡಿಸೆಂಬರ್ 11ಕ್ಕೆ ಮಂಗಳೂರು ಆಕಾಶವಾಣಿ ಸುರುವಾಯಿತು. ನಾನಾಗ ಹೈಸ್ಕೂಲು. ನಮ್ಮ ಮನೆಯ ಮಾತು ತುಳು, ಪಕ್ಕದ ಮನೆಯದು ಕೊಂಕಣಿ. ನಾವು ಬಾಯಲ್ಲಿ ಆಡುವ ಮಾತು ಪೆಟ್ಟಿಗೆಯೊಳಗಿಂದ ಕೇಳಿದಾಗ ಎರಡೂ ಮನೆಯವರು ಅಂಗಳಕ್ಕೆ ಬಂದು ಒಬ್ಬರ ಮುಖ ಒಬ್ಬರು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿ ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರ ಹಾಡು ಬಂದರೆ ಪಕ್ಕದ ಮನೆಯ ಬಾಯಮ್ಮ ಕೆಲಸ ನಿಲ್ಲಿಸಿ ನಿಲ್ಲುತ್ತಿದ್ದರು. ಕೊಂಕಣ ಕೋಗಿಲೆ ಎಂದು ವಿಲ್ಫಿಯವರನ್ನು ಕರೆದದ್ದು ಸುಮ್ಮನೆ ಅಲ್ಲ.

ಅದರ ಬೆನ್ನಿಗೆ ಕೊಲ್ಲಿಯಿಂದ ಟೇಪ್ ರೆಕಾರ್ಡರ್‌ಗಳು ಬಂದವು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು. ಕವಿತೆ ಪಠ್ಯಪುಸ್ತಕದ ಪುಟದಿಂದ ಎದ್ದು ಅಡುಗೆಮನೆಗೆ ಬರಬಹುದು ಎಂದು ನನಗೆ ಗೊತ್ತಾದದ್ದು ಆ ಕ್ಯಾಸೆಟ್ಟಿನಿಂದ. ನಾನು ಕನ್ನಡ ಟೀಚರ್ ಆದದ್ದಕ್ಕೆ ಅದೂ ಒಂದು ಕಾರಣ. ಮೂವತ್ತು ವರ್ಷ ತರಗತಿಯಲ್ಲಿ ಪದ್ಯವನ್ನು ಮೊದಲು ಹಾಡಿ ಆಮೇಲೆ ಅರ್ಥ ಹೇಳಿದೆ. ಹಾಡಿದ ಪದ್ಯ ಮಕ್ಕಳಿಗೆ ಮರೆಯುವುದಿಲ್ಲ. ಉಡುಪಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಟಿಕೇಟು ಹರಿಯುತ್ತಾ ಎಂಟನೆಯ ತರಗತಿಯ ಪದ್ಯ ಗುನುಗಿ ತೋರಿಸಿದ.

ಆದರೆ ಹೊತ್ತಿಗೆ ಸರಿಯಾದ ಹಾಡು ಆರಿಸುವ ವಿದ್ಯೆ ಕಲಿಯಬೇಕಾದರೆ ಯಕ್ಷಗಾನದ ಭಾಗವತರ ಹತ್ತಿರವೇ ಹೋಗಬೇಕು. ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತದೆ. ಭಾಗವತರು ಅದನ್ನು ಆಜ್ಞೆ ಎಂದು ತಿಳಿಯುವುದಿಲ್ಲ. ರಂಗದಲ್ಲಿ ಇವತ್ತು ಯಾರು ನಿಂತಿದ್ದಾರೆ, ವೇಷಧಾರಿಗೆ ದಣಿವಾಗಿದೆಯೇ, ಚೆಂಡೆ ಬಿಸಿಯೇರಿದೆಯೇ, ಎದುರು ಕೂತವರು ತೂಕಡಿಸುತ್ತಿದ್ದಾರೆಯೇ, ಇಷ್ಟನ್ನೂ ಒಂದು ಉಸಿರಿನಲ್ಲಿ ನೋಡಿ ರಾಗ ಬದಲಿಸುತ್ತಾರೆ. ಗುಂಡ್ಮಿ ಕಾಳಿಂಗ ನಾವಡರು ಹಾಗೆ ಮಾಡುವುದನ್ನು ನಾನು ಸಾಲಿಗ್ರಾಮ ಮೇಳದ ಆಟದಲ್ಲಿ ನೋಡಿದ್ದೇನೆ. ನಿದ್ದೆ ಹತ್ತಿದ ಇಡೀ ಗದ್ದೆ ಒಂದು ಆಲಾಪಕ್ಕೆ ಎದ್ದು ಕೂತಿತ್ತು. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಹೋದ ಸುದ್ದಿ ಬಂದ ದಿನ ಊರಿನಲ್ಲಿ ಯಾರೂ ಹಾಡು ಹಾಕಲಿಲ್ಲ. ತೆಂಕುತಿಟ್ಟಿನಲ್ಲಿ ಬಲಿಪ ನಾರಾಯಣ ಭಾಗವತರು. ಅವರದು ಇನ್ನೊಂದು ದಾರಿ, ಹಳೆಯ ಗಟ್ಟಿ ದಾರಿ. ಬೆಳಗಿನ ಜಾವ ಅವರ ದನಿ ಏರುವಾಗ ಮಂಜು ಬೀಳುವುದೂ ಕೇಳುತ್ತದೇನೋ ಎನ್ನುವ ಹಾಗೆ ಸಭೆ ಸುಮ್ಮನಿರುತ್ತಿತ್ತು. 2023ರಲ್ಲಿ ಅವರೂ ತೀರಿಕೊಂಡರು. ನಾನು ಮಗಳಿಗೆ ಅವರ ಪದ ಕಳಿಸುವುದು ಭಾನುವಾರ ಮಾತ್ರ, ಅವಸರದಲ್ಲಿ ಕೇಳುವಂಥದ್ದಲ್ಲ.

ವಾರದ ಲೆಕ್ಕ ನಮ್ಮೂರಿಗೆ ಹೊಸದಲ್ಲ. ಶುಕ್ರವಾರ ಬಂದರೆ ಭಟ್ಟರ ಮನೆಯ ಹೆಂಗಸರು ವಾದಿರಾಜರ 'ಲಕ್ಷ್ಮೀಶೋಭಾನೆ' ಹೇಳುತ್ತಾರೆ. ಆರೋಗ್ಯ ಮಾತೆಯ ಇಗರ್ಜಿಯಲ್ಲಿ ದಿನದಿನದ ಪೂಜೆಗೂ ಬೇರೆ ಬೇರೆ ಕೀರ್ತನೆ ನಿಗದಿಯಾಗಿರುತ್ತದೆ ಎಂದು ನನಗೆ ಹೇಳಿದ್ದು ಬಾಯಮ್ಮ. ಇವತ್ತು ನನ್ನ ಮನಸ್ಸು ಹೇಗಿದೆ ಎಂದು ಅದು ಕೇಳುವುದಿಲ್ಲ, ಆದರೂ ಎಷ್ಟೋ ದಿನ ನನಗೆಂದೇ ಬರೆದ ಹಾಗಿರುತ್ತದೆ ಎಂದಿದ್ದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಅವರ ಮೊಮ್ಮಕ್ಕಳು ಬುಟ್ಟಿ ಹಿಡಿದು ನಮ್ಮ ಬೇಲಿಗೆ ಬರುತ್ತಾರೆ. ದಾಸವಾಳ, ಕೇಪುಳ, ಕಾಡಹೂವು, ಸಿಕ್ಕಿದ್ದೆಲ್ಲ ಆಗುತ್ತದೆ. ಬಾಲೆ ಮರಿಯಳಿಗೆ ಹೂವು ಹಾಕುತ್ತಾ ಒಂಬತ್ತು ದಿನವೂ ಅದೇ ಹಾಡು. ಮಕ್ಕಳಿಗೆ ಬೇಸರವೇ ಇಲ್ಲ. ಒಂಬತ್ತನೆಯ ದಿನ ದನಿ ಇನ್ನೂ ಜೋರು.

ಮನಸ್ಸಿಗೆ ತಕ್ಕ ಹಾಡು ಎನ್ನುವುದು ಸುಲಭದ ಮಾತಲ್ಲ ಎಂದು ನನಗೆ ತಿಳಿದದ್ದು ಮೂರು ವರ್ಷದ ಹಿಂದೆ. ಮಗಳ ಕೆಲಸ ಹೋಯಿತು. ರಾತ್ರಿ ಫೋನು ಮಾಡಿ ಎರಡೇ ಮಾತಿನಲ್ಲಿ ಹೇಳಿ ಇಟ್ಟಳು. ಮರುದಿನ ಸರದಿ ನನ್ನದು. ನಾನು ಅವಳನ್ನು ಎಬ್ಬಿಸಿ ನಿಲ್ಲಿಸಬೇಕೆಂದು ಭಾರೀ ಉತ್ಸಾಹದ ಸಿನಿಮಾ ಹಾಡೊಂದನ್ನು ಕಳಿಸಿದೆ. ಉತ್ತರವಿಲ್ಲ. ಮರುದಿನ ಅವಳ ಸರದಿ, ಹಾಡೂ ಇಲ್ಲ. ಮೂರನೆಯ ದಿನ ಬರೆದಳು: "ಅಮ್ಮ, ನೀನು ಬಾಗಿಲು ತಟ್ಟದೆ ಒಳಗೆ ಬಂದ ಹಾಗಾಯಿತು."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ ತನ್ನ ರೋಗಿಗಳಲ್ಲಿ ಇದನ್ನೇ ಗಮನಿಸಿದ್ದರಂತೆ. ಕುಗ್ಗಿದವರಿಗೆ ಮೊದಲು ಅವರ ಮನಸ್ಸಿನಷ್ಟೇ ನಿಧಾನದ ಸಂಗೀತ ಕೇಳಿಸಬೇಕು. ಅದು ಅವರ ಜೊತೆ ಕೂರಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ನಡೆ ಬದಲಿಸಿದರೆ ಮನಸ್ಸು ಹಿಂದೆಯೇ ಬರುತ್ತದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಗದ್ದೆ. ಅಜ್ಜಿಯೂ ಬೆಳಿಗ್ಗೆ ಮೊದಲ ಹಾಡನ್ನು ಜೋರಾಗಿ ಎತ್ತುತ್ತಿರಲಿಲ್ಲ. ಚಳಿಗೆ ಮುದುಡಿದ ಮೈಗಳ ಜೊತೆ ಮೆಲ್ಲಗೆ ಹೊರಟು, ಸೂರ್ಯ ಕಾಣುವ ಹೊತ್ತಿಗೆ ಗದ್ದೆಯನ್ನೇ ಎತ್ತಿ ನಿಲ್ಲಿಸುತ್ತಿದ್ದರು.

ಅಂದಿನಿಂದ ನಾನು ಹಾಡು ಕಳಿಸುವ ಮೊದಲು ಒಂದು ಮಾತು ಕೇಳುತ್ತೇನೆ. "ನಿದ್ದೆ ಬಂತಾ?" ಅಷ್ಟೆ. ಅವಳು ಏನು ಬರೆಯುತ್ತಾಳೆ, ಎಷ್ಟು ಹೊತ್ತು ಬಿಟ್ಟು ಬರೆಯುತ್ತಾಳೆ ಎನ್ನುವುದರಿಂದ ಹಾಡು ಸಿಗುತ್ತದೆ. ಕೆಲಸ ಹೋದ ಆ ತಿಂಗಳು ಪೂರ್ತಿ ನಾನು ನೀಲಾಂಬರಿಯ ಜೋಗುಳಗಳನ್ನೇ ಕಳಿಸಿದೆ. ಮೂವತ್ತೆರಡು ವರ್ಷದ ಹುಡುಗಿಗೆ ಜೋಗುಳ. ಅವಳು ಬೇಡ ಅನ್ನಲಿಲ್ಲ. ಒಂದು ದಿನ ಅವಳೇ ಒಂದು ಕುಣಿಯುವ ತುಳು ಹಾಡು ಕಳಿಸಿದಳು. ನಾನು ಕೈಯಲ್ಲಿದ್ದ ಹೂವು ಕೆಳಗಿಟ್ಟು, ಎರಡು ಸಲ ಕೇಳಿದೆ. ಒಂದೇ ಸಲ ಕೇಳುವ ನಿಯಮ ಮುರಿದದ್ದು ಆ ಒಂದು ದಿನ.

ಇವತ್ತು ಆಷಾಢದ ಮಳೆ. ಗಿಡದಲ್ಲಿ ಹೂವು ಕಡಿಮೆ. ಮಳೆಗಾಲದಲ್ಲಿ ಹಾಗೆಯೇ, ದರ ಏರುತ್ತದೆ, ಬುಟ್ಟಿ ತುಂಬುವುದಿಲ್ಲ. ಅರ್ಧ ಚೆಂಡು ಆದರೆ ಹೆಚ್ಚು. ರಾತ್ರಿಯೇ ಕರೆಂಟು ಹೋಗಿದೆ, ನೆಟ್ಟೂ ಎಳೆಯುತ್ತಿಲ್ಲ, ಹಾಡು ಹುಡುಕಿದರೆ ಚಕ್ರ ತಿರುಗುತ್ತಲೇ ಇದೆ. ನಿದ್ದೆ ಬಂತಾ ಎಂದು ಕೇಳಿದ್ದಕ್ಕೆ ಅವಳ ಉತ್ತರ ಮಾತ್ರ ಹೇಗೋ ನುಸುಳಿ ಬಂತು. "ಬಂತು. ಕನಸಲ್ಲಿ ಹಳೆ ಮನೆ ಬಿತ್ತು ಅಮ್ಮ. ಗದ್ದೆ ಬದಿಯ ಮನೆ."

ಬಾಳೆನಾರು ಬೆರಳಿಗೆ ಸುತ್ತಿಕೊಂಡಿದ್ದಂತೆಯೇ ಫೋನನ್ನು ಚಾವಡಿಯ ದಂಡೆಯ ಮೇಲಿಟ್ಟು, ಕೆಂಪು ಚುಕ್ಕಿ ಒತ್ತಿ, ಅಜ್ಜಿಯ ಹತ್ತಿಪ್ಪತ್ತು ಸಾಲು ಹೇಳಿದೆ. ನಡುವೆ ಎರಡು ಕಡೆ ಮರೆಯಿತು. ಅಲ್ಲಿ ಓ ಬೇಲೆ ಮಾತ್ರ ಹಿಡಿದುಕೊಂಡು ಮುಂದೆ ಹೋದೆ. ಕಳಿಸಿದ್ದಕ್ಕೆ ಒಂದು ಗೀಟು ಬಿದ್ದು ಬಹಳ ಹೊತ್ತು ಹಾಗೆಯೇ ಇತ್ತು. ಇಪ್ಪತ್ತು ಮೊಗ್ಗು ಕಟ್ಟುವಷ್ಟರಲ್ಲಿ ಎರಡನೆಯ ಗೀಟು ಬಿತ್ತು. ಇನ್ನೂ ಮೂವತ್ತು ಕಟ್ಟಿದ ಮೇಲೆ ಅವಳ ದನಿಯೇ ಬಂತು.

"ಅಮ್ಮ, ಮಾಡಿನ ನೀರು ಅಂಗಳದ ಕಲ್ಲಿಗೆ ಬೀಳುವುದು ಕೇಳ್ತಾ ಉಂಟು. ಇನ್ನೊಮ್ಮೆ ಹೇಳು, ಆ ಮರೆತ ಜಾಗ ಹಾಗೇ ಇರಲಿ."