ಹಳೇ ಕಂಪ್ಯೂಟರ್ ಕಥೆ 6: ಪೈಸೆ ಗೊತ್ತಿಲ್ಲದ ಭಾಷೆ

32,767. ಈ ನಂಬರ್ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

1975-76, ಕ್ಯಾಲಿಫೋರ್ನಿಯಾ. ಸ್ಟೀವ್ ವೋಜ್ನಿಯಾಕ್‌ಗೆ ಆಗ 25 ವರ್ಷ. ಹಗಲು ಎಚ್‌ಪಿ ಕಂಪನಿಯಲ್ಲಿ ಕ್ಯಾಲ್ಕ್ಯುಲೇಟರ್ ವಿನ್ಯಾಸದ ಕೆಲಸ, ರಾತ್ರಿ ತನ್ನದೇ ಒಂದು ಕಂಪ್ಯೂಟರ್. ಅದೇ ಮುಂದೆ ಆಪಲ್ 1 ಆಯ್ತು. ಬೋರ್ಡ್ ಏನೋ ರೆಡಿ, ಆದರೆ ಅದರ 6502 ಚಿಪ್‌ಗೆ ಬೇಸಿಕ್ ಭಾಷೆ ಇರಲಿಲ್ಲ. ಸರಿ, ನಾನೇ ಬರೀತೀನಿ ಅಂತ ಕೂತ. ಅದಕ್ಕೂ ಮೊದಲು ಒಂದೂ ಭಾಷೆ ಕಟ್ಟಿದವನಲ್ಲ! (ಇದು ಇಂಟರ್‌ಪ್ರಿಟರ್, ಪೂರ್ತಿ ಕಂಪೈಲರ್ ಅಲ್ಲ. ಸಿಎಸ್ ಫ್ರೆಂಡ್ಸ್ ಕಾಮೆಂಟಲ್ಲಿ ಜಗಳ ಬೇಡ 🙏)

ನಾವು ಬರೆದ ಆದೇಶವನ್ನು ಚಿಪ್‌ಗೆ ಅರ್ಥವಾಗೋ ಸಂಖ್ಯೆಯಾಗಿ ಬದಲಾಯಿಸೋದು ಅಸೆಂಬ್ಲರ್ ಅನ್ನೋ ಪ್ರೋಗ್ರಾಂ. ಅದು ದೊಡ್ಡ ಕಂಪ್ಯೂಟರಲ್ಲಿ ಬಾಡಿಗೆಗೆ ಸಿಗ್ತಿತ್ತು, ಈತನ ಹತ್ರ ಅಷ್ಟು ದುಡ್ಡಿರಲಿಲ್ಲ. ಹಾಗಾಗಿ ಎಲ್ಲಾ ಪೇಪರ್ ಮೇಲೆ. ಒಂದು ಕಡೆ ಆದೇಶ, ಪಕ್ಕದಲ್ಲಿ ಅದರ ಸಂಖ್ಯೆ. 'ಎ ರಿಜಿಸ್ಟರ್‌ಗೆ 5 ಹಾಕು' ಅಂದ್ರೆ ಎ9 05. ನಡುವೆ ಒಂದು ಸಾಲು ತುರುಕಿದ್ರೆ ಅದರ ಮುಂದಿನ ವಿಳಾಸಗಳೆಲ್ಲಾ ಜರುಗ್ತವೆ. ನಾನೂ ಹತ್ತು ಸಾಲಿನ ಲೂಪ್ ಒಂದನ್ನ ಲೆಡ್ಜರ್ ಹಾಳೆ ಮೇಲೆ ಮಾಡಿ ನೋಡಿದೆ (ಫೋಟೋ 2), ಒಂದು ಸಂಜೆ ಪೂರ್ತಿ ಹೋಯ್ತು. ಈತನದ್ದು ಸುಮಾರು 4 ಕೆಬಿ. ಟೈಪ್ ಮಾಡೋಕೆ ಎಂಟು ಸಾವಿರ ಅಕ್ಷರ. ಕ್ಯಾಸೆಟ್‌ನಲ್ಲಿ ಉಳಿಸೋ ವ್ಯವಸ್ಥೆ ಬರೋ ತನಕ, ಪವರ್ ಆಫ್ ಆದ್ರೆ ಅಷ್ಟೂ ಮಾಯ, ಮತ್ತೆ ಮೊದಲಿಂದ.

ಈಗ ಬಿಕಾಂನವರು ಕೇಳಿ. ಒಂದು ತಿಂಗಳು ಉಳಿಯತ್ತೆ ಅಂತ ಈತ ದಶಮಾಂಶಾನೇ ಕೈಬಿಟ್ಟ. ಆಟಗಳಿಗೆ ಪೂರ್ಣಾಂಕ ಸಾಕು ಅನ್ನೋ ಲೆಕ್ಕ. ಕ್ಯಾಲ್ಕ್ಯುಲೇಟರ್ ಮಾಡೋನಿಗೆ ದಶಮಾಂಶ ಬರಲ್ವಾ? ಬರತ್ತೆ, ಬೇಕಂತಲೇ ಬಿಟ್ಟಿದ್ದು. ಒಂದು ಸಂಖ್ಯೆಗೆ 16 ಬಿಟ್ ಜಾಗ, ಹಾಗಾಗಿ ಗರಿಷ್ಠ 32,767. ₹12.50 ಅನ್ನು 1250 ಪೈಸೆ ಅಂತ ಇಟ್ಕೊಂಡು ಲೆಕ್ಕ ಮಾಡ್ಬಹುದು, ಆದರೆ ₹327.67 ದಾಟಿದ್ರೆ ಮುಗೀತು. ನಮ್ಮನೆ ತಿಂಗಳ ದಿನಸಿ ಬಿಲ್ಲೂ ಅದರಲ್ಲಿ ಹಿಡಿಸಲ್ಲ.

1977ರ ಆಪಲ್ 2ರ ಒಳಗೂ ಇದೇ ಬೇಸಿಕ್ ಕೂತಿತ್ತು. ಕೊನೆಗೆ ದಶಮಾಂಶ ಇರೋ ಬೇಸಿಕ್‌ಗೆ ಆಪಲ್ ಮೈಕ್ರೋಸಾಫ್ಟ್ ಹತ್ರ ಲೈಸೆನ್ಸ್ ತಗೋಬೇಕಾಯ್ತು. ಆಪಲ್‌ಸಾಫ್ಟ್ ಬಂದಿದ್ದು ಹಾಗೆ.

ಆದ್ರೂ ನಾನು ವೋಜ್ನಿಯಾಕ್ ಕಡೆನೇ. ಭಾಷೆ ಇಲ್ಲದ ಬೋರ್ಡ್ ಇಟ್ಕೊಂಡು ಇನ್ನೊಂದು ತಿಂಗಳು ಯಾರು ಕಾಯ್ತಾರೆ? ಇನ್ನು ಆ ಪೈಸೆ ಉಪಾಯ ಈಗಲೂ ನಡೀತಿದೆ ಗೊತ್ತಾ: ಎಷ್ಟೋ ಆನ್‌ಲೈನ್ ಪೇಮೆಂಟ್ ಗೇಟ್‌ವೇಗಳಿಗೆ ₹12.50 ಅನ್ನು 1250 ಅಂತಲೇ ಕಳಿಸಬೇಕು.