ಬಿದ್ದ ಬಡಗಿ ಯಾರ ಕೆಲಸದವನು?

1968ರ ಜುಲೈ 6, ಶನಿವಾರ. ಒರಿಸ್ಸಾದ ಕೊರಾಪುಟ್ ಜಿಲ್ಲೆಯ ಜೇಪೋರ್‌ನಲ್ಲೊಂದು ಸಿನಿಮಾ ಮಂದಿರ. ಹೊರಗೆ ಮಳೆಗಾಲ, ಒಳಗೆ ಹಸಿ ಮರದ ಹೊಟ್ಟಿನ ವಾಸನೆ. ನೀವು ಬಡಗಿ. ತಿಂಗಳಿಗೆ 120 ರೂಪಾಯಿ ಸಂಬಳ. ಮಂದಿರಕ್ಕೆ ಅಲಂಕಾರದ ಮರಗೆಲಸ ಮಾಡುತ್ತಿದ್ದೀರಿ. ಎಡಗೈ ಉಳಿಯನ್ನು ಗೆರೆಯ ಮೇಲೆ ನಿಲ್ಲಿಸುತ್ತದೆ, ಬಲಗೈ ಕೊಡತಿಯಿಂದ ಬಡಿಯುತ್ತದೆ. ಬಲಗೈಗೆ ಶಕ್ತಿಯಿದ್ದರೆ ಸಾಕು. ಗೆರೆ ಕಾಯುವುದು ಎಡಗೈ. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯುತ್ತದೆ. ಒರೆಸಿಕೊಳ್ಳಲು ಒಂದು ಕೈ ಬಿಡಬೇಕು. ಬಿಡುವುದಿಲ್ಲ.

ಪಾದದಡಿ ಏನೋ ಸರಿಯುತ್ತದೆ. ಉಳಿ ಹೋಯಿತು. ಕೈ ಗಾಳಿಯನ್ನು ಹಿಡಿಯುತ್ತದೆ. ನೆಲ.

ನ್ಯಾಯಾಲಯದ ದಾಖಲೆ ಇಷ್ಟನ್ನೂ ‘ಬಿದ್ದ’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತದೆ. ಮೈ ಅಷ್ಟು ಬೇಗ ಮುಗಿಸುವುದಿಲ್ಲ. ಬಾಯಲ್ಲಿ ರಕ್ತದ ಉಪ್ಪು, ಕಿವಿಯಲ್ಲಿ ನಿಲ್ಲದ ಗುಂಯ್‌ಗುಟ್ಟುವಿಕೆ, ಎಡಗೈ ನಿಮ್ಮದೇ ಅಲ್ಲವೇನೋ ಎಂಬಂತೆ ಬಿದ್ದಿದೆ. ಮುಂದೆ ಆಸ್ಪತ್ರೆ. ಮೊಣಕೈಯಿಂದ ಕತ್ತರಿಸಿಬಿಡುತ್ತಾರೆ. ರಾತ್ರಿ ಇಲ್ಲದ ಬೆರಳುಗಳು ತುರಿಸುತ್ತವೆ. ಕೆರೆಯಲು ಬಲಗೈ ಹೋದರೆ ಅಲ್ಲಿ ಹಾಸಿಗೆ.

ಕಾನೂನಿನಲ್ಲಿ ಒಂದು ದಾರಿಯಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪ್ರಕಾರ, ಕೆಲಸದ ವೇಳೆ ಗಾಯವಾದರೆ ಮಾಲೀಕ ಹಣ ಕೊಡಬೇಕು. ಅವನ ತಪ್ಪನ್ನು ನೀವು ತೋರಿಸಬೇಕಾಗಿಲ್ಲ. ಆದರೆ ನೀವು ಅವನ ಕೆಲಸದಾಳಾಗಿರಬೇಕು. ಸ್ವಂತ ಹೊಣೆಯ ಮೇಲೆ ಗುತ್ತಿಗೆ ಹಿಡಿದವನೆಂದರೆ ಆ ಬಾಗಿಲು ಮುಚ್ಚಿದಂತೆಯೇ.

ನೋಟಿಸು ಕೊಡಬೇಕೋ ಬೇಡವೋ? ಈ ಮಾಲೀಕನಿಗೆ ಊರಿನಲ್ಲಿ ಎರಡು ಸಿನಿಮಾ ಮಂದಿರಗಳಿವೆ. ಅಂಥವನನ್ನು ಎದುರು ಹಾಕಿಕೊಂಡರೆ ನಾಳೆ ಕೆಲಸಕ್ಕೆ ಕರೆಯುವವರು ಯಾರು? ಆಮೇಲೆ ನೆನಪಾಗುತ್ತದೆ: ಕರೆದರೂ ಉಳಿ ಹಿಡಿಯುವ ಕೈಯೇ ಇಲ್ಲ. ಆಗಸ್ಟ್ 11ರಂದು ನೋಟಿಸು ಹೋಗುತ್ತದೆ.

ಹತ್ತು ದಿನ ಎದೆ ಹೊಡೆದುಕೊಳ್ಳುತ್ತದೆ. 21ಕ್ಕೆ ಉತ್ತರ. ಯಾರಿಂದಲೋ ಓದಿಸಿಕೊಳ್ಳುತ್ತೀರಿ. ನೀವು ನೌಕರರೇ ಅಲ್ಲವಂತೆ, ಬಿಡಿಗೆಲಸದ ಕಂತ್ರಾಟುದಾರರಂತೆ. ಬಿದ್ದದ್ದು ನಿಮ್ಮದೇ ಅಜಾಗರೂಕತೆಯಿಂದಂತೆ. ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ತಿಂಗಳಿಗೆ 120 ರೂಪಾಯಿ ದುಡಿಯುವ ಕಂತ್ರಾಟುದಾರನೇ? ನಿಮ್ಮ ಬಂಡವಾಳವೆಲ್ಲ ಆ ಎರಡು ಕೈಗಳಲ್ಲೇ ಇತ್ತು.

ಮಾಲೀಕನ ಬಳಿ ನೀವೇ ಹೋಗಿ ಕೇಳುತ್ತೀರಿ. ಬರಿಗೈಲಿ ವಾಪಸು. ಕೊನೆಗೆ ಪರಿಹಾರ ಆಯುಕ್ತರ ಮುಂದೆ ಅರ್ಜಿ. ಅವರು ನಿಮ್ಮನ್ನು ನಂಬುತ್ತಾರೆ. ದುಡಿಯುವ ಶಕ್ತಿ ಪೂರ್ತಿ, ನೂರಕ್ಕೆ ನೂರು ಹೋಗಿದೆ ಎನ್ನುತ್ತಾರೆ. ಪರಿಹಾರ 9,800 ರೂಪಾಯಿ. ಅದರ ಅರ್ಧದಷ್ಟು ದಂಡ. ಒಟ್ಟು 14,700, ಮೇಲೆ ಶೇಕಡ 6 ಬಡ್ಡಿ. ಉಸಿರು ಬಿಡುವಷ್ಟರಲ್ಲಿ ಮಾಲೀಕ ಹೈಕೋರ್ಟಿಗೆ ಹೋಗುತ್ತಾನೆ. 1969ರ ಅಕ್ಟೋಬರಿನಲ್ಲಿ ಅಲ್ಲಿ ವಜಾ. ಅಲ್ಲಿಂದ ದೆಹಲಿಗೆ. ವಾದ ಹೀಗಿದೆ: ಒಂದು ಕೈ ಉಳಿದಿದೆಯಲ್ಲ, ಇದು ಪೂರ್ಣ ಅಂಗವೈಕಲ್ಯ ಹೇಗಾದೀತು?

1975ರ ಡಿಸೆಂಬರ್ 4. ಬಡಗಿ ಒಂದೇ ಕೈಯಲ್ಲಿ ಕೆಲಸ ಮಾಡಲಾರ ಎಂದು ಸುಪ್ರೀಂ ಕೋರ್ಟು ಹೇಳುತ್ತದೆ. ಹಣದ ಹೊಣೆ ಹುಟ್ಟಿದ್ದು ಆಯುಕ್ತರು ತೀರ್ಮಾನಿಸಿದ ದಿನವಲ್ಲ, ಬಿದ್ದ ದಿನವೇ ಎಂದೂ ಹೇಳುತ್ತದೆ. ಕಂತ್ರಾಟುದಾರನೆಂದು ಜಾರಿಕೊಂಡು ಹಣ ತಡೆಹಿಡಿದದ್ದಕ್ಕೆ ದಂಡ ನ್ಯಾಯವೇ. ಗೆದ್ದಿದ್ದೀರಿ. ಬಿದ್ದು ಏಳು ವರ್ಷದ ಮೇಲಾಗಿದೆ.

ಇಷ್ಟು ಹೊತ್ತು ನಿಮ್ಮನ್ನು ಆ ಬಡಗಿಯ ಮೈಯೊಳಗೆ ಕೂರಿಸಿದ್ದಕ್ಕೆ ಕಾರಣವಿದೆ. ‘ನೌಕರನಲ್ಲ, ಕಂತ್ರಾಟುದಾರ’ ಎಂಬ ಆ ಉತ್ತರ ಇವತ್ತಿಗೂ ಬರುತ್ತಿದೆ. ಬೆಂಗಳೂರಿನಲ್ಲಿ ಸಾರುವೆಯ ಮೇಲೆ ನಿಂತು ಗಾರೆ ಬಳಿಯುವವನಿಗೆ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು, ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ, ಬಿದ್ದ ದಿನ ಅವನು ಯಾರಿಗೂ ಸೇರದವನಾಗುತ್ತಾನೆ. ಇದು ಲೆಕ್ಕಪತ್ರದ ಚಾಲಾಕಿ ಎಂದು ಕೆಲವರು ಸಲೀಸಾಗಿ ಹೇಳುತ್ತಾರೆ. ನನಗೆ ಇದು ಗಾಯಗೊಂಡವನ ಜೇಬಿಗೆ ಕೈ ಹಾಕಿದಂತೆ. ಲೆಕ್ಕ ಯಾವುದೇ ಇರಲಿ, ಕೆಲಸ ಹೇಗೆ ನಡೆಯಬೇಕೆಂದು ಹೇಳುವವರು ಯಾರು ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಉಪ್ಪಿನಾಗರದಲ್ಲಿ ಉಪ್ಪು ತೆಗೆಯುವ ಅಗರಿಯಾಗಳು ತೂಕದ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದರು, ಸಹಾಯಕ್ಕೆ ತಾವೇ ಆಳುಗಳನ್ನು ಇಟ್ಟುಕೊಳ್ಳುತ್ತಿದ್ದರು. ಆದರೂ ಅವರು ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು 1956ರಲ್ಲೇ ತೀರ್ಪು ಕೊಟ್ಟಿತ್ತು.

ಕಟ್ಟಡ ಕಟ್ಟಿಸುವವರೇ, ಮೇಸ್ತ್ರಿಯ ಕೈಕೆಳಗಿನ ಪ್ರತಿಯೊಬ್ಬರ ಹೆಸರೂ ಹಾಜರಿ ಪುಸ್ತಕದಲ್ಲಿದೆಯೇ ಎಂದು ಇಂದೇ ನೋಡಿ. ಕಟ್ಟುವವರೇ, ಕಾಗದವನ್ನು ಕನ್ನಡದಲ್ಲಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ, ಒತ್ತಿಬಿಟ್ಟಿದ್ದರೂ ಎದೆಗುಂದಬೇಡಿ. ಕೆಲಸಗಾರ ಪರಿಹಾರದ ಹಕ್ಕನ್ನೇ ಬಿಟ್ಟುಕೊಟ್ಟನೆಂದು ಬರೆಸಿಕೊಂಡ ಒಪ್ಪಂದ 1923ರ ಆ ಕಾಯ್ದೆಯ 17ನೇ ಕಲಮಿನ ಮುಂದೆ ನಿಲ್ಲುತ್ತಿರಲಿಲ್ಲ.