ನಾವು ಗುರುತಿಟ್ಟ ವಿಮಾನಗಳು

1970ರ ಮುಂದಣ ವರ್ಷಗಳಲ್ಲಿ ಬೋರ್ಡಿಂಗಿನಲ್ಲಿದ್ದ ಸೋದರಿಯರಿಗೆ ನಮ್ಮ ಆ ಪಂದ್ಯವು ನೆನಪಿದ್ದೀತು. ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣಕ್ಕೆ ಇಳಿಯುವ ವಿಮಾನದ ಹೆಸರನ್ನು ಯಾರು ಮೊದಲು ಹೇಳುವರೆಂಬುದೇ ಪಂದ್ಯ. ಇಂಡಿಯನ್ ಏರ್‌ಲೈನ್ಸಿನ ಬೋಯಿಂಗ್ 737-200 ಬರುವುದಂತೂ ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯುತ್ತಿತ್ತು. ರೆಕ್ಕೆಗಳಡಿಯಲ್ಲಿ ಚುರುಟಿನಂತೆ ನೀಳವಾದ ಎರಡು ಎಂಜಿನುಗಳು. ಹಿಂದೆ ಕರಿಯ ಹೊಗೆಯ ಗೆರೆ. ಅದರ ಆರ್ಭಟಕ್ಕೆ ಉಪಾಧ್ಯಾಯಿನಿಯವರು ವಾಕ್ಯವನ್ನು ಅರ್ಧದಲ್ಲಿಯೇ ತಡೆದು, ಅದು ದಾಟಿದ ಮೇಲೆ ಮುಂದುವರಿಸುತ್ತಿದ್ದರು.

ನಮ್ಮ ಅಕ್ಕನವರು ಮದುವೆಯಾಗಿ ಬೊಂಬಾಯಿಗೆ ಹೊರಟದ್ದೂ ಅಂಥದೊಂದರಲ್ಲಿಯೇ. ತಂತಿಬೇಲಿಯಾಚೆ ಮೆಟ್ಟಿಲೇರಿ, ಬಾಗಿಲಲ್ಲಿ ತಿರುಗಿ ನಿಂತು, ಸೆರಗಿನಿಂದ ಕಣ್ಣೊರಸಿಕೊಂಡದ್ದನ್ನು ನಾವು ಸ್ಪಷ್ಟವಾಗಿ ಕಂಡೆವು.

2008ನೆಯ ಇಸವಿ ಮೇ ತಿಂಗಳಲ್ಲಿ ಪ್ರಯಾಣಿಕರ ಸಂಚಾರವು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ವರ್ಗವಾಯಿತು. 2022ರ ಅಕ್ಟೋಬರಿನಲ್ಲಿ ದುಬಾಯಿಯಿಂದ ಏರ್‌ಬಸ್ ಎ380 ಅಲ್ಲಿಗೆ ಬಂದಿಳಿಯಿತು. ಎರಡಂತಸ್ತು, ನಾಲ್ಕು ಎಂಜಿನು; ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 80 ಮೀಟರು! ಇಂಥ ದೈತ್ಯನ ತಯಾರಿಕೆಯೂ 2021ರಲ್ಲಿಯೇ ನಿಂತುಹೋಗಿತ್ತೆಂದರೆ, ನಮ್ಮ ಮೊಮ್ಮಗಳಿಗೆ ಮುಂದೆ ಇದೇ ಹಳೆಯ ವಿಮಾನವಾದೀತು.

ಆಕೆ ಓದಿಗೆಂದು ಅದರಲ್ಲಿಯೇ ಹೊರಟಳು. ಗಾಜಿನ ಬಾಗಿಲನ್ನು ಹೊಕ್ಕವಳು ಮತ್ತೆ ಕಾಣಲಿಲ್ಲ. ಬೆಳಗಿನ ಜಾವದ ಕತ್ತಲೆಯಲ್ಲಿ ರಸ್ತೆಯ ಮಗ್ಗುಲಿಗೆ ನಿಂತೆವು. ಹೊಗೆಯಿಲ್ಲ, ಗಾತ್ರಕ್ಕೆ ತಕ್ಕ ಆರ್ಭಟವೂ ಇಲ್ಲ; ನೆರೆಹೊರೆಯವರಿಗೆ ಇದೇ ಲೇಸೆಂದು ಒಪ್ಪುತ್ತೇವೆ. ದೀಪಗಳಷ್ಟೇ ಮೇಲೇರಿ ಹೋದುವು.

ದುಬಾಯಿ ಮುಟ್ಟಿದೊಡನೆ ಫೋನು ಮಾಡಿ, "ಅಜ್ಜಿ, ಕಿಟಕಿಯಿಂದ ಕೈ ಬೀಸಿದೆ, ಕಂಡಿತೆ?" ಎಂದಳು.

ಕಂಡಿತೆಂದೆವು.